ಅಮಾವಾಸ್ಯೆಗೊಮ್ಮೆ ತೊಳೆದ ನಂಬರು

ಹೋದ ವಾರ ಹಿತ್ತಾಳೆ ದೀಪಗಳನ್ನು ಬೆಳಗಲು ಕೂತಿದ್ದೆ. ನೆನೆಸಿದ ಹುಣಸೆಹಣ್ಣು, ಒಂದು ಹಿಡಿ ಕಲ್ಲುಪ್ಪು, ಕುಟ್ಟಿದ ಇಟ್ಟಂಗಿ ಪುಡಿ. ಮೂರನ್ನೂ ಕಲಸಿದಾಗ ಒಂದು ಹುಳಿವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ತಡ, ಕೈ ನಿಂತುಹೋಯಿತು. ನೀವು ನಗಬಹುದು. ಹುಣಸೆಹಣ್ಣಿನ ವಾಸನೆಗೆ ಬೇರೆಯವರಿಗೆ ಬಾಯಲ್ಲಿ ನೀರು ಬಂದರೆ ನನಗೆ ಕೂಡ್ಲಿಗಿಯ ಕೋರ್ಟು ನೆನಪಾಗುತ್ತದೆ. ಎದೆ ಡವಡವ ಎನ್ನುತ್ತದೆ. ಹೆದರಿಕೆಯಿಂದಷ್ಟೇ ಅಲ್ಲ. ಖುಷಿಯಿಂದಲೂ! ನಾನು ಹೇಳಿಕೊಳ್ಳಬೇಕಾದ ತಪ್ಪು ಇರುವುದೇ ಆ ಖುಷಿಯಲ್ಲಿ.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಬಸ್ಸಿನ ಬೋರ್ಡು ಓದಬಲ್ಲೆ, ಪತ್ರಿಕೆಯನ್ನು ಬೆರಳಿಟ್ಟುಕೊಂಡು ಓದಬಲ್ಲೆ. ಇದನ್ನು ಬರೆಯುವುದಕ್ಕೆ ಎಂಟು ದಿನ ಹಿಡಿದಿದೆ. ಮಧ್ಯೆ ಮಧ್ಯೆ ದಾರಿ ತಪ್ಪಿದರೆ ಕೈ ಹಿಡಿದು ಜಗ್ಗಿರಿ.

ತೊಂಬತ್ತರ ದಶಕದಲ್ಲಿ ನಾವು ಕೊಟ್ಟೂರಿನಲ್ಲಿದ್ದೆವು. ಅವ್ವ, ಅಣ್ಣ, ನಾನು, ಮೂವರೇ. ಅಣ್ಣನ ಹೆಸರು ಕೊಟ್ರೇಶ, ನನಗೆ ಕೊಟ್ರಣ್ಣ. ಹತ್ತು ವರ್ಷ ಬೇರೆಯವರ ಲಾರಿ ಓಡಿಸಿ ಓಡಿಸಿ, ಕೊನೆಗೊಂದು ದಿನ ದಾವಣಗೆರೆಯ ಮಾಲೀಕರೊಬ್ಬರಿಂದ ಕೈ ಬದಲಾದ ಲಾರಿಯೊಂದನ್ನು ತನ್ನದಾಗಿ ಮಾಡಿಕೊಂಡು ಮನೆ ಮುಂದೆ ತಂದು ನಿಲ್ಲಿಸಿದ. ಅವ್ವ ಆರತಿ ತಂದಳು. ನಾನು ಆ ಲಾರಿಯ ಸುತ್ತ ಎಷ್ಟು ಸಲ ಸುತ್ತಿದೆನೆಂದರೆ ನೋಡಿದವರು ಹರಕೆ ಹೊತ್ತಿದ್ದಾಳೆ ಎಂದುಕೊಂಡಿರಬೇಕು.

ಅಣ್ಣ ನನ್ನನ್ನು ಕರೆದು, ಬಲಗಡೆಯ ಮುಂದಿನ ಚಕ್ರದ ಹಿಂದೆ ಬಗ್ಗಿಸಿ, ಉದ್ದನೆಯ ಕಬ್ಬಿಣದ ತೊಲೆಯ ಮೇಲೆ ಕೊರೆದಿದ್ದ ಅಂಕಿಗಳನ್ನು ತೋರಿಸಿದ.

"ನೋಡಲೇ ತಂಗೀ, ಇದು ಚಾಸಿ ನಂಬರು. ಮುಂದಿನ ಪ್ಲೇಟು ಬಿದ್ದು ಹೋಗಬೌದು, ಬಣ್ಣ ಬದಲಿ ಮಾಡಬೌದು, ಬಾಡಿ ಬಿಚ್ಚಿ ಹೊಸಾದು ಕಟ್ಟಬೌದು. ಇದು ಮಾತ್ರ ಇದು ಹುಟ್ಟಿದಾಗ ಹೊಡದದ್ದು. ಸಾಯೋ ತನಕ ಇದರ ಜೋಡಿನ ಇರತೈತಿ."

"ಅಂದ್ರ ಇದರ ಹೆಸರು ಅನ್ನು."

"ಹೂಂ, ಹೆಸರು."

ಅಷ್ಟು ಸಾಕಾಯಿತು ನನಗೆ. ನಮ್ಮ ಕಡೆ ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು ಪೂಜೆ ಮಾಡುವುದು ನಿಮಗೆ ಗೊತ್ತೇ ಇದೆ. ಚಕ್ರಕ್ಕೆ ನಿಂಬೆಹಣ್ಣು, ಬಂಪರಿಗೆ ಹೂವಿನ ಹಾರ, ಒಂದು ತೆಂಗಿನಕಾಯಿ. ಎಲ್ಲರೂ ಗಾಡಿಯ ಮುಖಕ್ಕೆ ಪೂಜೆ ಮಾಡುತ್ತಾರೆ. ಹೆಸರಿಗೇ ಪೂಜೆಯಿಲ್ಲವೆಂದರೆ ಹೇಗೆ ಎಂದು ನನ್ನ ತಲೆಗೆ ಹೊಳೆಯಿತು. ನನ್ನ ತಲೆಗೆ ಏನಾದರೂ ಹೊಳೆದರೆ ಮನೆಯವರು ಆಗಲೇ ಹೆದರಬೇಕಿತ್ತು. ಪ್ರತಿ ಅಮಾವಾಸ್ಯೆ ಬೆಳಿಗ್ಗೆ ನಾನು ಹುಣಸೆಹಣ್ಣು, ಉಪ್ಪು, ಇಟ್ಟಂಗಿ ಪುಡಿ ಹಿಡಿದು ಚಕ್ರದ ಹಿಂದೆ ಕೂರುತ್ತಿದ್ದೆ. ಆ ಅಂಕಿಗಳ ಮೇಲೆ ವರ್ಷಕ್ಕೊಮ್ಮೆ ಕರಿ ಗ್ರೀಸು ಮೆತ್ತಿರುತ್ತಿತ್ತು. ಥೂ, ಹೆಸರಿನ ಮೇಲೆ ಇಂಥ ಕೊಳೆಯೇ ಎಂದು ಅದನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಆಮೇಲೆ ಹುಳಿ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಬೆಳ್ಳಿ ಮಾಡುತ್ತಿದ್ದೆ. ಮೇಲೆ ಎಳನೀರು ಸುರಿದು ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದೆ. ಹೀಗೆ ಆರು ವರ್ಷ. ಅಷ್ಟು ಹೊತ್ತಿಗೆ ಅಣ್ಣ ಒಳಗೆ ಸ್ನಾನ ಮಾಡುತ್ತಿರುತ್ತಿದ್ದ. ಅವನಿಗೆ ಕಾಣುತ್ತಿದ್ದದ್ದು ಫಳಫಳ ಹೊಳೆಯುವ ಲಾರಿ, ಅಷ್ಟೇ. "ನಮ್ಮ ತಂಗಿ ಕೈಯಾಗ ಏನೋ ಐತಿ" ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದ.

ಉಪ್ಪು ಹುಳಿ ಹಿತ್ತಾಳೆಗೆ ಅಮೃತ, ಕಬ್ಬಿಣಕ್ಕೆ ವಿಷ. ಇದು ನನಗೆ ಗೊತ್ತಾದದ್ದು ತಡವಾಗಿ. ಮನೆಯ ದೋಸೆ ಹಂಚನ್ನು ಒಂದು ದಿನವೂ ಹುಣಸೆಹಣ್ಣು ಹಚ್ಚಿ ತಿಕ್ಕದವಳು ಅಷ್ಟು ದೊಡ್ಡ ಲಾರಿಯ ಕಬ್ಬಿಣಕ್ಕೆ ಯಾಕೆ ಹಚ್ಚಿದೆ ಎಂದು ಕೇಳಬೇಡಿ. ದೇವರ ಸಾಮಾನನ್ನು ಯಾರೂ ಹಂಚಿನ ಜೊತೆ ಹೋಲಿಸಿ ನೋಡುವುದಿಲ್ಲ.

ತೆಲಿಗಿಯಿಂದ ಮೆಕ್ಕೆಜೋಳ ತುಂಬಿಕೊಂಡು ಹೊಸಪೇಟೆಗೆ ಹೊರಟಿದ್ದ ಅಣ್ಣನನ್ನು ಕೂಡ್ಲಿಗಿ ದಾಟುವ ಮುನ್ನ ಬ್ರೇಕ್ ಇನ್‌ಸ್ಪೆಕ್ಟರ್ ತಡೆದರು. ಲಾರಿಯವರು ಆರ್‌ಟಿಓ ಇನ್‌ಸ್ಪೆಕ್ಟರನ್ನು ಕರೆಯುವುದು ಹಾಗೇ. ಹಿಂದಿನ ಕೆಂಪು ದೀಪ ಉರಿಯುತ್ತಿರಲಿಲ್ಲ. ಗಾಡಿ ರಸ್ತೆಗೆ ಯೋಗ್ಯ ಎಂದು ವರ್ಷಕ್ಕೊಮ್ಮೆ ಕೊಡುವ ಎಫ್‌ಸಿ ಮುಗಿದು ಎಂಟು ದಿನವಾಗಿತ್ತು. ಇವೆರಡಕ್ಕೂ ದಂಡ ಕಟ್ಟಿ ಬರಬಹುದಿತ್ತು. ಆದರೆ ಆ ಮನುಷ್ಯ ಬಗ್ಗಿ ಚಕ್ರದ ಹಿಂದೆ ಟಾರ್ಚು ಹಾಕಿದರು. ಅಲ್ಲಿ ನಂಬರೇ ಇರಲಿಲ್ಲ. ಗುಳಿಗುಳಿ ಬಿದ್ದ ತುಕ್ಕು, ಅದರ ಮಧ್ಯೆ ಒಂದೆರಡು ಅಂಕಿಗಳ ನೆರಳು. ಕದ್ದ ಗಾಡಿಗೆ ಬೇರೆ ಗಾಡಿಯ ಕಾಗದ ಹಚ್ಚಿದ್ದಾನೆ, ಗುರುತು ಸಿಗಬಾರದೆಂದು ಚಾಸಿ ನಂಬರ್ ಅಳಿಸಿದ್ದಾನೆ ಎಂದು ಕೇಸಾಯಿತು. ಲಾರಿ ಠಾಣೆಯ ಅಂಗಳ ಸೇರಿತು. ಅಣ್ಣ ಜಾಮೀನಿನ ಮೇಲೆ ಮನೆಗೆ ಬಂದ. ತಪ್ಪು ಸಾಬೀತಾದರೆ ಲಾರಿಯೂ ಹೋಗುತ್ತದೆ, ಅಣ್ಣನೂ ಒಳಗೆ ಹೋಗುತ್ತಾನೆ. ಅವ್ವ ಅಂದೇ ಉಚ್ಚಂಗೆಮ್ಮನಿಗೆ ಹರಕೆ ಹೊತ್ತಳು.

ನಮ್ಮ ವಕೀಲರು ಕೂಡ್ಲಿಗಿಯವರು, ನಾಗನಗೌಡ ಅಂತ. ಕೋಟಿನ ಒಂದು ಗುಂಡಿ ಯಾವಾಗಲೂ ದಾರದ ಮೇಲೆ ಜೋತಾಡುತ್ತಿತ್ತು. ಅದು ಇವತ್ತು ಬೀಳುತ್ತದೆ, ನಾಳೆ ಬೀಳುತ್ತದೆ ಎಂದು ನಾನು ಕಾಯುತ್ತಿದ್ದೆ. ಮೊದಲ ದಿನ ಅಣ್ಣನ ಜೊತೆ ನಾನೂ ಹೋಗಿದ್ದೆ, ಯಾಕೆಂದರೆ ಲಾರಿಯ ಕಾಗದಗಳೆಲ್ಲ ಇರುತ್ತಿದ್ದದ್ದು ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ. ವಕೀಲರು ಕನ್ನಡಕದ ಮೇಲಿಂದ ಅಣ್ಣನನ್ನು ನೋಡಿದರು.

"ಕೊಟ್ರೇಶಿ, ಖರೇ ಹೇಳು. ಆ ನಂಬರ್ ಮುಟ್ಟಿದಾರು ಯಾರು?"

"ಯಾರೂ ಮುಟ್ಟಿಲ್ರಿ. ಎಫ್‌ಸಿಗೆ ಹೋಗೋ ಮುಂದ ಇಲ್ಲೇ ಬಾಷಾನ ಗ್ಯಾರೇಜಿಗೆ ಬಿಡ್ತೀನಿ. ಅವ ಬ್ರಷ್ ಹಚ್ಚಿ ನಂಬರ್ ಕಾಣಂಗ ಮಾಡಿ ಕೊಡ್ತಾನ. ಅಷ್ಟರಿ."

ಬಾಷಾ ಅಣ್ಣನ ಗೆಳೆಯ, ಕೂಡ್ಲಿಗಿಯಲ್ಲೇ ಅವನ ಗ್ಯಾರೇಜು. ನಾನು ಬಾಷಾಣ್ಣ ಅನ್ನುತ್ತಿದ್ದೆ. ರಂಜಾನಿಗೆ ಅವರ ಮನೆಯಿಂದ ನಮಗೆ ಸುರಕುಂಬಾ ಎಂಬ ಶಾವಿಗೆ ಪಾಯಸ ಬರುತ್ತಿತ್ತು, ಯುಗಾದಿಗೆ ನಮ್ಮ ಮನೆಯ ಹೋಳಿಗೆ ಅವರಿಗೆ ಹೋಗುತ್ತಿತ್ತು. ಅವನ ಹೆಸರು ಬಂದಾಗ ನನ್ನ ಬಾಯಿ ತೆರೆಯಿತು. ಅಷ್ಟರಲ್ಲಿ ವಕೀಲರು ಎದುರಿನ ಪುಸ್ತಕ ತಟ್ಟಿ, "ಬೇಕಂತ ಅಳಿಸಿದಾವ ಸಿಕ್ರ ಸೀದಾ ಒಳಗ ಹೋಗ್ತಾನ ನೋಡು" ಅಂದರು. ಬಾಯಿ ಮುಚ್ಚಿತು.

ಇದು ಹೆದರಿಕೆ. ಇದನ್ನು ನೀವು ಕ್ಷಮಿಸುತ್ತೀರಿ, ನನಗೆ ಗೊತ್ತು. ಆದರೆ ಎರಡನೆಯ ಸಲ ಹೋದಾಗ ವಕೀಲರೇ ಹೇಳಿದರು: "ತುಕ್ಕು ಹಿಡದು ಹೋಗೇತಿ ಅಂತ ನಾ ವಾದ ಮಾಡ್ತೀನಿ. ಆದ್ರ ತುಕ್ಕು ಅಲ್ಲೇ ಯಾಕ ಹಿಡೀತು ಅಂತ ಕೇಳ್ತಾರ. ತಿಳೀದ ಏನರ ಹಚ್ಚಿ ತೊಳದೇವಿ ಅಂತ ಮನಿಯವರು ಯಾರಾರ ಪ್ರಮಾಣ ಮಾಡಿ ಹೇಳಿದ್ರ ಕೇಸು ಭಾಳ ದಿನ ಎಳೆಯಂಗಿಲ್ಲ. ತಿಳೀದ ಮಾಡಿದ್ದಕ್ಕ ಯಾರೂ ಜೈಲಿಗೆ ಹಾಕಂಗಿಲ್ಲ." ಆಗಲೂ ನಾನು ಸುಮ್ಮನಿದ್ದೆ. ಈಗ ಹೆದರಿಕೆ ಇರಲಿಲ್ಲ. ಮತ್ತೇನಿತ್ತು?

ಹೇಳಿಯೇ ಬಿಡುತ್ತೇನೆ. ನನಗೆ ಆ ಕೇಸು ಮುಗಿಯುವುದು ಬೇಕಿರಲಿಲ್ಲ. ಆಗ ನನಗೆ ಇಪ್ಪತ್ಮೂರು. ಮನೆ, ನೀರಿನ ಟ್ಯಾಂಕು, ಶೇಂಗಾ ಬಿಡಿಸುವ ಕಣ, ಇಷ್ಟೇ ನನ್ನ ಲೋಕ. ಕೇಸು ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಕೋರ್ಟಿನಲ್ಲಿ ವಾಯಿದೆ. ಕಾಗದ ಹಿಡಿದುಕೊಳ್ಳಲು ನಾನು ಬೇಕೇ ಬೇಕು. ಬೆಳಿಗ್ಗೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ, ಅಬ್ಬಾ! ಕರಿಕೋಟುಗಳು, ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗುವ ರಾಗ, ಟೈಪಿನವರ ಟಕಟಕ, ಜಮೀನಿನ ವ್ಯಾಜ್ಯಕ್ಕೆ ಬಂದ ಹೆಂಗಸರ ಕಥೆಗಳು. ಹಂಪಸಾಗರದ ಒಬ್ಬ ಮುದುಕಿಯಂತೂ ತಮ್ಮನ ಮೇಲೆ ಕೇಸು ಹಾಕಿ, ಅದೇ ತಮ್ಮನಿಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. "ಕೇಸು ಕೇಸಿನ ಕಡೆ ಇರ್ಲೆವ್ವ, ಹಸಿವು ಬ್ಯಾರೆ" ಅನ್ನುತ್ತಿದ್ದಳು. ಮಧ್ಯಾಹ್ನ ಅಣ್ಣ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಕೊಡಿಸುತ್ತಿದ್ದ. ಅವನು ಒಂದೂ ತಿನ್ನುತ್ತಿರಲಿಲ್ಲ. ಎರಡೂ ನಾನೇ ತಿನ್ನುತ್ತಿದ್ದೆ. ಅವನ ಲಾರಿ ಠಾಣೆಯ ಅಂಗಳದಲ್ಲಿ ಟಯರು ಕುಗ್ಗಿ ನಿಂತಿದ್ದಾಗ ನಾನು ಮನೆಯಲ್ಲಿ ಮುಂದಿನ ವಾಯಿದೆಗೆ ಯಾವ ಸೀರೆ ಉಡಲಿ ಎಂದು ಯೋಚಿಸುತ್ತಿದ್ದೆ.

ಅಣ್ಣ ಸೊರಗಿದ. ಮತ್ತೆ ಬೇರೆಯವರ ಲಾರಿಗೆ ಡ್ರೈವರಾಗಿ ಹೋದ. ಒಂದು ಸಂಜೆ ಕಟ್ಟೆಯ ಮೇಲೆ ಕೂತವನು, "ಲೇ ತಂಗೀ, ನನ್ನ ಮುಖ ನೋಡಿದ್ರ ಕಳ್ಳನಂಗ ಕಾಣತೈತೇನ?" ಎಂದು ಕೇಳಿದ. ತಮಾಷೆಗೆ ಕೇಳಲಿಲ್ಲ. ಆಗಲಾದರೂ ಹೇಳಿದೆನೇ? ಇಲ್ಲ. ತಪ್ಪು ಒಪ್ಪದೆ ಅವನನ್ನು ಹೇಗೆ ಪಾರು ಮಾಡಲಿ ಎಂದು ಟ್ರಂಕು ತೆಗೆದು ಇದ್ದಬದ್ದ ಕಾಗದವನ್ನೆಲ್ಲ ಸುರುವಿಕೊಂಡು ಕೂತೆ.

ಆಗ ಸಿಕ್ಕಿತು ಆ ಚೀಟಿ. ಎಫ್‌ಸಿಗೆ ಹೋದಾಗ ಚಾಸಿ ನಂಬರಿನ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆಯುತ್ತಾರೆ. ಒಂದನ್ನು ಫೈಲಿಗೆ ಹಾಕುತ್ತಾರೆ. ಅಂಚು ಹರಿದಿದೆಯೆಂದು ಮೊದಲ ವರ್ಷ ಬಿಸಾಕಿದ್ದ ಒಂದನ್ನು ಅಣ್ಣ ಜೇಬಿಗೆ ಹಾಕಿಕೊಂಡು ಬಂದಿದ್ದ. ಹೆಸರಲ್ಲವೇ ಎಂದು ನಾನು ಎತ್ತಿಟ್ಟಿದ್ದೆ. ಅದರಲ್ಲಿ ಅಂಕಿಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ, ಬೆರಳಿಡದೆಯೇ ಓದಿಬಿಟ್ಟೆ. ಮೊದಲ ವರ್ಷ ಹೀಗಿದ್ದರೆ, ಎರಡನೇ ವರ್ಷ? ಮೂರನೇ ವರ್ಷ? ಎಲ್ಲ ಅಚ್ಚುಗಳೂ ಆರ್‌ಟಿಓ ಫೈಲಿನಲ್ಲಿ ಇದ್ದೇ ಇರಬೇಕಲ್ಲ!

ಮರುದಿನ ವಕೀಲರ ಮುಂದೆ ಆ ಚೀಟಿ ಇಟ್ಟು ಹಾಗೆಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಕೊಟ್ರೇಶಿ! ನಿನ್ನ ತಂಗಿ ಎಷ್ಟನೇತ್ತ ಓದ್ಯಾಳಲೇ?"

"ನಾಕನೇತ್ತರಿ."

"ನಾಕಕ್ಕ ಬಿಡಿಸಿ ನನ್ನಂಥಾರ ಹೊಟ್ಟಿ ಉಳಿಸೀರಿ. ಇನ್ನೊಂದೀಟು ಓದಿಸಿದ್ರ ನಮ್ಮ ಅಂಗಡಿ ಬಂದ್ ಆಗ್ತಿತ್ತು!"

ನಾನು ನಾಚಿ ಸೆರಗು ಎಳೆದುಕೊಂಡೆ. ಹೊಗಳಿಕೆ ಸಿಹಿಯಾಗಿತ್ತು. ಅದೂ ಒಂದು ತಪ್ಪು, ಬರೆದುಕೊಳ್ಳಿ.

ಕೋರ್ಟಿನ ಆದೇಶದ ಮೇಲೆ ಫೈಲು ಬಂತು. ಅವತ್ತಿನ ವಾಯಿದೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ವಕೀಲರು ಆರು ವರ್ಷದ ಆರು ಅಚ್ಚುಗಳನ್ನು ನ್ಯಾಯಾಧೀಶರ ಮುಂದೆ ಸಾಲಾಗಿ ಹರಡಿದರು. ಮೊದಲನೆಯದು ಕಪ್ಪಗೆ, ಎರಡನೆಯದು ಬೂದು, ಮೂರನೆಯದು ಇನ್ನೂ ಬೂದು, ಆರನೆಯದಕ್ಕೆ ಬಂದರೆ ಅಂಕಿಗಳು ಮಂಜಿನಲ್ಲಿ ನಿಂತ ಕುರಿಗಳ ಹಾಗೆ. ಇಡೀ ಕೋರ್ಟು ಮುಂದಕ್ಕೆ ಬಾಗಿತು. ಕಟಕಟೆಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಇದ್ದರು. ವಕೀಲರು ಅವರತ್ತ ತಿರುಗಿದರು.

"ಸಾಹೇಬ್ರ, ಕದ್ದ ಗಾಡಿ ಎಷ್ಟೋ ನೋಡೀರಿ. ಕಳ್ಳ ನಂಬರ್ ಹೆಂಗ ಅಳಿಸ್ತಾನ?"

"ಗ್ರೈಂಡರ್ ಹಿಡಿದು ಉಜ್ಜತಾರೆ. ಮೇಲೆ ಬೇರೆ ನಂಬರ್ ಹೊಡಿತಾರೆ."

"ಎಷ್ಟು ಹೊತ್ತಿನ ಕೆಲಸರಿ?"

"ಅರ್ಧ ತಾಸು."

"ಹಂಗಾರ ಈ ಕಳ್ಳ ಆರು ವರ್ಷ ತಗೊಂಡಾನಲ್ರಿ! ವರ್ಷಕ್ಕ ಈಟೀಟ ಕಂತಿನ ಮ್ಯಾಲೆ ಅಳಿಸೋ ಕಳ್ಳನ್ನ ನಿಮ್ಮ ಸರ್ವಿಸಿನ್ಯಾಗ ಎಲ್ಲಾರ ನೋಡೀರೇನು? ಅಳಿಸಿದ ಮ್ಯಾಲೆ ಬ್ಯಾರೆ ನಂಬರಾರ ಹೊಡದಾನೇನು?"

ನ್ಯಾಯಾಧೀಶರೇ ನಕ್ಕರು. ಜವಾನ ನಕ್ಕ. ಅಣ್ಣ ಎಷ್ಟೋ ತಿಂಗಳಾದ ಮೇಲೆ ಹಲ್ಲು ತೋರಿಸಿದ. ನಾನು ಹಿಂದಿನ ಬೆಂಚಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕಂತಿನ ಕಳ್ಳಿ ನಾನೇ ಎಂದು ನೆನಪಾದದ್ದು ಆಮೇಲೆ.

ಆಮೇಲೆ ಬಾಷಾಣ್ಣನನ್ನು ಕರೆದರು. ಸರ್ಕಾರಿ ವಕೀಲರು ಕೇಳಿದರು, ತಂತಿ ಬ್ರಷ್ ಹಚ್ಚಿದ್ದು ನೀನೇ ತಾನೇ ಎಂದು.

"ವರ್ಷಕ್ಕ ಒಂದ ಸಲರಿ. ಹಚ್ಚಿ, ತುಕ್ಕು ಹಿಡೀಬಾರ್ದಂತ ಮ್ಯಾಲೆ ದಪ್ಪಗ ಗ್ರೀಸ್ ಮೆತ್ತಿ ಕಳಸ್ತೀನಿ. ಅಲ್ಲಾನ ಆಣಿ. ಮುಂದಿನ ವರ್ಷ ಬರೋ ಹೊತ್ತಿಗೆ ಗ್ರೀಸ್ ಇರಂಗಿಲ್ಲ. ಯಾರ ವರಸ್ತಾರೋ ನನಗ ಗೊತ್ತಿಲ್ರಿ."

ಹೇಳುತ್ತ ಅವನು ಸುತ್ತ ನೋಡಿದ. ಅವನ ಕಣ್ಣು ನನ್ನ ಬೆಂಚಿನವರೆಗೂ ಬಂತು. ಎದ್ದು ನಿಲ್ಲಲು ನನಗೆ ಅಷ್ಟು ಹೊತ್ತು ಸಾಕಿತ್ತು. ನಾನು ನೆಲ ನೋಡಿದೆ. "ಗ್ರೀಸಿಗೆ ಕಾಲು ಬಂದಿತ್ತೇನೋ" ಎಂದು ಯಾರೋ ಅಂದರು. ಜನ ಮತ್ತೆ ನಕ್ಕರು. ಈ ಸಲ ಬಾಷಾಣ್ಣನ ಮೇಲೆ.

ನಂಬರ್ ಅಳಿಸಿದ ಆರೋಪ ಬಿದ್ದುಹೋಯಿತು. ಗ್ಯಾರೇಜಿನವರು ತಿಳಿಯದೆ ಅತಿಯಾಗಿ ಉಜ್ಜಿದ್ದರಿಂದ ಸವೆದಿದೆ ಎಂದು ತೀರ್ಪಿನಲ್ಲಿ ಬಂತು. ದೀಪಕ್ಕೂ ಎಫ್‌ಸಿಗೂ ದಂಡ ಕಟ್ಟಿದೆವು. ಆರ್‌ಟಿಓದವರು ತೊಲೆಯ ಮೇಲೆ ಅದೇ ನಂಬರನ್ನು ಹೊಸದಾಗಿ ಹೊಡೆದುಕೊಟ್ಟರು. ಲಾರಿ ಹಾರನ್ ಹೊಡೆಯುತ್ತ ಕೊಟ್ಟೂರಿಗೆ ಬಂದಾಗ ನಮ್ಮ ಓಣಿಯೇ ಬಾಗಿಲಿಗೆ ಬಂದಿತ್ತು. ನಾಲ್ಕನೇ ಕ್ಲಾಸಿನ ಹುಡುಗಿ ಕೇಸು ಗೆಲ್ಲಿಸಿದಳು ಎಂದು ನನ್ನ ಹೆಸರು ಮನೆಮನೆಗೆ ಹೋಯಿತು. ಅದೇ ಮಾತು ಹಗರಿಬೊಮ್ಮನಹಳ್ಳಿಯವರೆಗೂ ಹೋಗಿ, "ಜಾಣಿ ಹುಡುಗಿ" ಎಂದು ಅಲ್ಲಿಂದ ಗಂಡು ಬಂದು, ನನ್ನ ಮದುವೆಯೂ ಆಯಿತು. ಇವತ್ತು ನಾನು ದೀಪ ಬೆಳಗುತ್ತ ಕೂತ ಮನೆ ಅದೇ.

ಬಾಷಾಣ್ಣನ ಹೆಸರೂ ಹೋಯಿತು. "ಅವನ ಗ್ಯಾರೇಜಿಗೆ ಬಿಟ್ರ ನಂಬರ್ ಉಳಿಯಂಗಿಲ್ಲ" ಎಂದು ಲಾರಿಯವರು ಆಡಿಕೊಂಡರು. ಅಣ್ಣ ಜಗಳ ಮಾಡಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದ. ಲಾರಿಯನ್ನು ಸುಮ್ಮನೆ ಹರಪನಹಳ್ಳಿಯ ಗ್ಯಾರೇಜಿಗೆ ಬಿಡತೊಡಗಿದ. ಮುಂದಿನ ಯುಗಾದಿಗೆ ಹೋಳಿಗೆ ಹೋಗಲಿಲ್ಲ. ರಂಜಾನಿಗೆ ಸುರಕುಂಬಾ ಮಾತ್ರ ಇನ್ನೂ ಎರಡು ವರ್ಷ ಬಂತು.

ಹೋದ ವಾರ ಕೈ ತೊಳೆದುಕೊಂಡು ಅಣ್ಣನಿಗೆ ಫೋನು ಮಾಡಿದೆ. ಲಾರಿ ಮಾರಿ ಬಹಳ ವರ್ಷವಾಯಿತು, ಈಗ ಅವನಿಗೆ ಮೊಣಕಾಲು ನೋವು. ಎಲ್ಲ ಹೇಳಿದೆ, ಒಂದೇ ಉಸಿರಿನಲ್ಲಿ.

"ಅಣ್ಣಾ, ಬಯ್ಯಿ."

"ಬಾಷಾಗ ಹೇಳೀಯೇನ?"

"ಇಲ್ಲ."

"ಮತ್ತ ನನಗ್ಯಾಕ ಹೇಳ್ತೀಯಲೇ? ನಾಳೆ ಕೂಡ್ಲಿಗಿಗೆ ಬಾ. ನಾನೂ ಬರ್ತೀನಿ."

ಬಸ್ಸಿನಲ್ಲಿ ಮತ್ತೆ ಕಿಟಕಿ ಪಕ್ಕ ಕೂತೆ. ಎದೆ ಮತ್ತೆ ಹಾಗೇ ಹೊಡೆದುಕೊಂಡಿತು, ಈ ವಯಸ್ಸಿನಲ್ಲಿ! ಬಾಷಾಣ್ಣನ ಶೆಡ್ಡಿನ ಮುಂದೆ ಬೈಕುಗಳು ಸಾಲಾಗಿ ನಿಂತಿದ್ದವು. ಲಾರಿ ಒಂದೂ ಇರಲಿಲ್ಲ. ಬಿಳಿ ಗಡ್ಡದ ಬಾಷಾಣ್ಣ ಅಣ್ಣನನ್ನು ಗುರುತು ಹಿಡಿದು ಎದ್ದ. ಕೂರುವ ಮೊದಲೇ ಹೇಳಿಬಿಟ್ಟೆ. ಅವನು ಕೇಳುತ್ತ ಕೇಳುತ್ತ ಕೈ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ.

"ಲಾರಿ ಕೆಲಸ ಕಲ್ತಾವ ನಾನು, ತಂಗೀ. ಒಂದೊಂದ ಕಮ್ಮಿ ಆಗಿ ನಿಂತೇ ಹೋದ್ವು. ಬೈಕಿಗೆ ಬಂದೆ." ಆಮೇಲೆ ಅಣ್ಣನ ಕಡೆ ತಿರುಗಿದ. "ನೀನಾರ ಕೇಳಬೇಕಿತ್ತಲೇ ಕೊಟ್ರೇಶಿ. ಬೈದಾರ ಕೇಳಬೇಕಿತ್ತು."

ಅಣ್ಣ ಅವನ ಕೈ ಹಿಡಿಯಲು ಹೋದ.

"ಇಲ್ಲಿ ಹೇಳಿದ್ರ ಏನ್ ಬಂತು. ಇಲ್ಲಿ ನನಗ ಗೊತ್ತ ಐತಿ ನಾ ಮಾಡಿಲ್ಲ ಅಂತ. ನಡೀರಿ, ಲಾರಿ ನಿಲ್ಲೋ ಜಾಗಕ್ಕ ಹೋಗೋಣು" ಎಂದು ಬಾಷಾಣ್ಣ ಚಪ್ಪಲಿ ಮೆಟ್ಟಿದ.

ಅಲ್ಲಿದ್ದವರೆಲ್ಲ ಹೊಸ ಹುಡುಗರು. ಯಾವ ಲಾರಿ, ಯಾವ ನಂಬರು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಲ ಮುಗಿದುಹೋಗಿದೆ, ಇನ್ನು ಯಾರಿಗೂ ಬೇಕಿಲ್ಲ ಎಂದು ನನಗೆ ಒಳಗೇ ಹಗುರವಾಗತೊಡಗಿತ್ತು. ಅಷ್ಟರಲ್ಲಿ ಚಹದಂಗಡಿ ಬೆಂಚಿನ ಮೇಲೆ ಕೂತಿದ್ದ ಹಳೆಯ ಡ್ರೈವರ್ ಮುದುಕನೊಬ್ಬ ಕಣ್ಣು ಕಿರಿದು ಮಾಡಿ ಕೂಗಿದ.

"ಓ, ಕೊಟ್ಟೂರು ಗಾಡಿ ಅಲ್ಲೇನು? ಬಾಷಾ ನಂಬರ್ ಅಳಿಸಿದ್ದು!"

"ಕೇಳಿದ್ಯಾ?" ಅಂದ ಬಾಷಾಣ್ಣ, ನನಗೆ ಮಾತ್ರ.

ನಾನು ಮುದುಕನ ಹತ್ತಿರ ಹೋಗಿ ಹೇಳಿದೆ. ಅವನಿಗೆ ಕಿವಿ ಮಂದ. "ಆಂ?" ಅಂದ. ಇನ್ನೂ ಜೋರಾಗಿ ಹೇಳಿದೆ. "ಆಂ?" ಅಂದ. ಹುಡುಗರು ನಗತೊಡಗಿದರು. ಆಗ ಅಣ್ಣ ಕುಂಟುತ್ತ ಬಂದು, ಮುದುಕನ ಕಿವಿಗೆ ಬಾಯಿಟ್ಟು, ಲಾರಿಗಳೆಲ್ಲ ಅದುರುವ ಹಾಗೆ ಕೂಗಿದ.

"ಬಾಷಾ ಅಳಿಸಿಲ್ಲರೀ ಮಾವಾ! ನಮ್ಮ ತಂಗಿ ಅಳಿಸಿದ್ದು! ಮತ್ತ ತೆಪ್ಪು ಮಾಡಿದ್ದು ನಾನು!"

ಟಯರಿನಂಗಡಿಯವನು ಹೊರಗೆ ಬಂದ. ಡ್ರೈವರುಗಳು ಕ್ಯಾಬಿನ್ನಿನಿಂದ ತಲೆ ಹಾಕಿದರು. ಮುದುಕ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದ.

"ಆಕಿ ಅಳಿಸಿದ್ರ ನೀ ಏನ್ ತೆಪ್ಪು ಮಾಡಿದ್ಯೋ?" ಎಂದು ಕೇಳಿ, ಬೆಂಚಿನ ಮೇಲೆ ಸರಿದು ಅಣ್ಣನಿಗೆ ಜಾಗ ಕೊಟ್ಟ.

ಅಣ್ಣ ಕೂತ. ಬಾಷಾಣ್ಣ ಅಂಗಡಿಯವನಿಗೆ ನಾಲ್ಕು ಬೆರಳು ತೋರಿಸಿ ಚಹಾ ಹೇಳಿ, ಅಣ್ಣನ ಪಕ್ಕದಲ್ಲೇ ಕೂತ.